ಮುಚ್ಚಳದ ಕೆಳಗಿನ ಇಂಜಿನ್

ಸಂಡೂರಿನ ನನ್ನ ಷಡ್ಡಕರು ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಟ್ಯಾಂಕಿಗೆ ಇಂಜಿನ್ ಕೂಡಿಸುತ್ತಾರೆ.

ನೀರಿನ ಟ್ಯಾಂಕಲ್ಲ, ಯುದ್ಧದ್ದು. 1971ರಲ್ಲಿ ನಮ್ಮ ಸೇನೆಯಲ್ಲೂ ಇದ್ದ ಟಿ-55. ಅದೂ ನಿಜದ 72ನೇ ಒಂದು ಪಾಲು. ಅಂಗೈ ಮೇಲೆ ಕೂರುತ್ತದೆ. ಡಬ್ಬಿಯಲ್ಲಿ ಬಂದ ಪ್ಲಾಸ್ಟಿಕ್ ತುಂಡುಗಳನ್ನಷ್ಟೇ ಅಂಟಿಸಿದರೆ ಎಂಟು ದಿನದ ಕೆಲಸ. ಆದರೆ ಡಬ್ಬಿಯವರು ಇಂಜಿನ್ ಕೊಟ್ಟಿರುವುದಿಲ್ಲ. “ಒಳಗ ಖಾಲಿ ಇದ್ರ ಹೆಂಗ ಓಡ್ತೈತ್ರೀ ಅಣ್ಣಾರ?” ಅನ್ನುತ್ತಾರೆ. ಇಂಜಿನ್ ಇದ್ದರೂ ಓಡುವುದಿಲ್ಲವಲ್ಲ ಎಂದು ಒಮ್ಮೆ ಹೇಳಿ ನೋಡಿದೆ. ಅವತ್ತು ಚಹಾ ಬರಲಿಲ್ಲ.

ಹೀಗಾಗಿ ಜೆಕ್ ದೇಶದಿಂದ ರೆಸಿನ್ ಇಂಜಿನ್ ಬರುತ್ತದೆ. ಹನ್ನೆರಡು ಸಿಲಿಂಡರಿನ, 580 ಅಶ್ವಶಕ್ತಿಯ ಡೀಸೆಲ್ ಇಂಜಿನ್ನು ಎರಡು ಸೆಂಟಿಮೀಟರಿನಲ್ಲಿ! ಬೆಲೆ ಮಾತ್ರ ಟ್ಯಾಂಕಿಗಿಂತ ಜಾಸ್ತಿ. ಅದನ್ನು ಸೋಪಿನ ನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯದು. ಪ್ಲಾಸ್ಟಿಕ್ಕನ್ನು ಕರಗಿಸಿ ಕೂಡಿಸುವ ಅಂಟು ರೆಸಿನ್ನಿಗೆ ನಾಟದು, ಫೆವಿಕ್ವಿಕ್ಕೇ ಆಗಬೇಕು. ಟ್ಯಾಂಕಿನ ಬೆನ್ನು ಕೊಯ್ದು, ಒಳಗೋಡೆ ಕೆರೆದು ಕೆರೆದು ತೆಳ್ಳಗೆ ಮಾಡಿದ ಮೇಲೂ ಇಂಜಿನ್ ಒಳಗೆ ಹೋಗುವುದಿಲ್ಲ. ಆಗ ಇಂಜಿನ್ನನ್ನೇ ಉಜ್ಜಬೇಕು. ರೆಸಿನ್ನಿನ ಧೂಳು ಎದೆಗೆ ಕೆಟ್ಟದೆಂದು ಮಾಸ್ಕು ಕಟ್ಟಿ, ನೀರು ಹಚ್ಚಿ ಉಜ್ಜುತ್ತಾರೆ. ಅದೇ ಮನುಷ್ಯ ಅದಿರಿನ ಲಾರಿ ಹೋದ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೆಂಧೂಳನ್ನು ಡಬ್ಬಿಗೆ ತುಂಬುತ್ತಾರೆ, ಟ್ಯಾಂಕಿನ ಗಾಲಿಗೆ ಬಳಿಯಲು.

ಹೋದ ಯುಗಾದಿಗೆ ಅವರ ಮನೆಯಲ್ಲಿದ್ದೆ. ಇಂಜಿನ್ನಿನ ಪಕ್ಕಕ್ಕೆ ಹೊಗೆಕೊಳವೆ ಕೂಡಿಸುವ ಹೊತ್ತು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ತುಂಡು, ಚಿಮುಟದ ತುದಿಯಲ್ಲಿ. “ಉಸಿರು ಬಿಡಬ್ಯಾಡ್ರಿ” ಅಂದರು. ಬಿಡಲಿಲ್ಲ, ಸೀನಿದೆ.

ಎರಡು ತಾಸು ನಾವಿಬ್ಬರೂ ಮೊಬೈಲ್ ಬೆಳಕಲ್ಲಿ ನೆಲ ನೆಕ್ಕುವುದೊಂದು ಬಾಕಿ. ಕಸಬರಿಗೆ ಹಿಡಿದು ಬಂದ ನಾದಿನಿಯನ್ನು ಅವರು ಹೊಸ್ತಿಲಲ್ಲೇ ತಡೆದು ನಿಲ್ಲಿಸಿದರು. ಒಂದು ಸಾಸಿವೆ, ಎರಡು ಉಗುರಿನ ಚೂರು, ಸತ್ತ ಇರುವೆ ಸಿಕ್ಕವು. ಅವರು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಇರ್ಲಿ ಬಿಡ್ರಿ” ಅಂದು ಹಳೆಯ ಚಾರ್ಜರಿನ ತಾಮ್ರದ ತಂತಿ ಸುಲಿದು ಹೊಸದನ್ನು ಬಗ್ಗಿಸತೊಡಗಿದರು.

ಕಂಪ್ಲಿಯ ಮದುವೆಗೆ ಹೊರಟಾಗಲೂ ಅಷ್ಟೇ. ದಾರಿಯಲ್ಲಿ ಬಾನೆಟ್ ಎತ್ತಿ ನಿಂತ ಟ್ರ್ಯಾಕ್ಟರಿನ ಎಣ್ಣೆ ಕಲೆಗಳ ಫೋಟೋ ತೆಗೆಯುತ್ತ ನಿಂತರು. ನಾವು ಮುಟ್ಟಿದ್ದು ಊಟಕ್ಕೆ. ಹಂಪಿಗೆ ಕರೆದೊಯ್ದರೆ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಬಗ್ಗಿ, “ಈ ಆನಿ ಇದರ ಜೋಡಿ ಬಂದದ್ದಲ್ಲ, ಆಮ್ಯಾಲ ತಂದು ಕೂಡಿಸ್ಯಾರ. ಹಿಂದ ನೋಡ್ರಿ, ಕುದುರಿ ಕಾಲು, ಬಾಲ ಇನ್ನೂ ಕಾಣ್ತಾವ. ಹಳೇದು ನೀಟಾಗಿ ಕೆರೆದು ಕೂಡಿಸಬೇಕಿತ್ತು” ಅಂದರು. ಅಷ್ಟು ಸಲ ಹಂಪಿ ನೋಡಿದ ನನಗೆ ಆ ಬಾಲ ಕಂಡಿದ್ದು ಅವತ್ತೇ.

ಟ್ಯಾಂಕು ಮುಗಿಯಿತು. ಇಷ್ಟೆಲ್ಲ ಆದ ಮೇಲೆ ಇಂಜಿನ್ ಮೇಲಿನ ಮುಚ್ಚಳವನ್ನು ಅಂಟಿಸಿಯೇಬಿಟ್ಟರು, ಇಲ್ಲದಿದ್ದರೆ ಒಳಗೆ ಧೂಳು ಹೋಗುತ್ತದಂತೆ. ಈಗ ಷೋಕೇಸಿನಲ್ಲಿ ಅದೂ ಒಂದು ಆಟಿಕೆ. ಬಂದವರು “ಮಕ್ಕಳದಾ?” ಅಂತ ಕೇಳುತ್ತಾರೆ. ಇವರು ಹೌದೆನ್ನುತ್ತಾರೆ.

ಯುಗಾದಿ ಮುಗಿಸಿ ಹೊಸಪೇಟೆಗೆ ಬಂದು ಪ್ಯಾಂಟು ಝಾಡಿಸಿದಾಗ ಮಡಿಕೆಯಿಂದ ಆ ಕೊಳವೆ ಉದುರಿತ್ತು. ಹೇಳಲು ಬಾಯಿ ಬಂದಿಲ್ಲ, ವಿಭೂತಿ ಡಬ್ಬಿಯಲ್ಲಿಟ್ಟಿದ್ದೇನೆ. ಮೊನ್ನೆ ಕರೆಂಟು ಹೋದಾಗ ಟಾರ್ಚಿನಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಒಂದು ಬದಿಯ ಆರು ಸಿಲಿಂಡರಿಗೆ ಆರು ಕವಲು. ಹೌದೋ ಅಲ್ಲವೋ ಎಂದು ಇನ್ನೊಮ್ಮೆ ಎಣಿಸಿದೆ, ಉಸಿರು ಬಿಗಿಹಿಡಿದು.