ಶ್ವಾನದ್ವಾರ ಮೀಮಾಂಸೆ: ತಲಘಟ್ಟಪುರ ಪ್ರಕರಣ

ಮನೆಯ ಗೋಡೆ ಕೊರೆದು ನಾಯಿಗೋ ಬೆಕ್ಕಿಗೋ ಸ್ವಂತ ಬಾಗಿಲು ಮಾಡಿಕೊಡುವ ವಿಷಯದಲ್ಲಿ ನಮ್ಮ ಪೂರ್ವಸೂರಿಗಳು ಬಾಯಿ ಬಿಟ್ಟಿಲ್ಲ. ಮಯಮತ, ಮಾನಸಾರಗಳು ಅರಮನೆಯಿಂದ ಮಲಗುವ ಮಂಚದವರೆಗೆ ಅಳತೆ ಕೊಟ್ಟಿವೆ. ನಾಯಿಬಾಗಿಲಿನ ಶ್ಲೋಕ ಮಾತ್ರ ಈ ಬಡ ಸಂಶೋಧಕನ ಕಣ್ಣಿಗೆ ಬಿದ್ದಿಲ್ಲ. ಕನಕನ ಕಿಂಡಿಯನ್ನು ಇಲ್ಲಿಗೆ ಎಳೆದು ತರಬಾರದು. ಅದು ಭಕ್ತಿಯ ವಿಷಯ, ಇದು ಬ್ಲಾಕ್ ಗೋಡೆಯದು.

ಅಧ್ಯಯನಕ್ಕೆ ಬೆಂಗಳೂರಿನ ತಲಘಟ್ಟಪುರವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇರುವುದು ಇಲ್ಲೇ. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ಮುಂದುವರಿದ ಹಸಿರು ಮಾರ್ಗದ ಮೆಟ್ರೊ ತಲಘಟ್ಟಪುರ ದಾಟಿ ಆ ಸಂಸ್ಥೆಯ ಹೆಸರಿನ ನಿಲ್ದಾಣದಲ್ಲೇ ಕೊನೆಗೊಂಡಿತು. ರೇಷ್ಮೆ ಚಿಟ್ಟೆ ಗೂಡಿನ ಒಂದು ತುದಿಯನ್ನು ತನ್ನ ದ್ರವದಿಂದ ಮೆತ್ತಗೆ ಮಾಡಿಕೊಂಡು ತೂತಿನಿಂದ ಹೊರಬರುತ್ತದೆ. ಹಾಗೆ ತೂತು ಬಿದ್ದ ಗೂಡಿನಿಂದ ಒಂದೇ ಎಳೆ ಬಿಚ್ಚಲಾಗದು, ಬೆಲೆ ಕುಸಿಯುತ್ತದೆ. 30×40 ಸೈಟಿನಲ್ಲಿ ಮನೆ ಕಟ್ಟಿಸಿದವರ ಭಯವೂ ತಂತು ತಪ್ಪದೆ ಇದೇ.

ಪೂರ್ವಪಕ್ಷ: ಗೋಡೆಗೆ ತೂತು ಹೊಡೆದರೆ ಲಕ್ಷ್ಮಿ ಹೊರಗೆ, ಹೆಗ್ಗಣ ಒಳಗೆ. ಇದನ್ನು ಮಂಡಿಸುವವರು ಮನೆಯ ಹಿರಿಯರು. ಮಂಡಿಸುವಾಗ ಅವರು ಕುಳಿತಿರುವುದು ಎಸಿ ಪೈಪಿನ ತೂತಿನ ಕೆಳಗೆ. ಎಡಕ್ಕೆ ಇಂಟರ್‌ನೆಟ್ ಕೇಬಲ್ಲಿನ ತೂತು, ಅಡುಗೆಮನೆಯಲ್ಲಿ ಚಿಮಣಿಯದು, ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನಿನದು. ಕೇಬಲ್ ಹುಡುಗ ಡ್ರಿಲ್ಲಿಂಗ್ ಮಷೀನ್ ಹಿಡಿದು ಬಂದಾಗ ಯಾರೂ ಪಂಚಾಂಗ ತೆಗೆಯಲಿಲ್ಲ. ಆದ್ದರಿಂದ ದೋಷ ಇರುವುದು ತೂತಿನಲ್ಲಲ್ಲ, ತೂರುವವನ ಅಂತಸ್ತಿನಲ್ಲಿ ಎಂಬುದು ನಮ್ಮ ಸಿದ್ಧಾಂತ.

ಪರದೇಶದ ಪ್ರಮಾಣ ಒಂದು ಸಾಕು. ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲ್‌ನಲ್ಲಿ, 1598ರಿಂದ 1621ರವರೆಗೆ ಬಿಷಪ್ ಆಗಿದ್ದ ವಿಲಿಯಂ ಕಾಟನ್ ಕಾಲದಲ್ಲಿ, ಗಡಿಯಾರದ ಕೆಳಗಿನ ಬಾಗಿಲಿಗೆ ಬೆಕ್ಕಿನ ತೂತು ಕೊರೆದ ಬಡಗಿಗಳಿಗೆ 8 ಪೆನ್ನಿ ಕೂಲಿ ಕೊಟ್ಟ ಲೆಕ್ಕ ಉಳಿದಿದೆ. ತೂತೂ ಉಳಿದಿದೆ. ನ್ಯೂಟನ್ ದೊಡ್ಡ ಬೆಕ್ಕಿಗೊಂದು, ಮರಿಗಳಿಗೊಂದು ತೂತು ಮಾಡಿಸಿದನೆಂಬುದು ದಂತಕಥೆ. ಅದನ್ನು ಕಾಲೇಜು ಮೇಷ್ಟ್ರುಗಳಿಗೆ ಬಿಟ್ಟುಬಿಡೋಣ.

ಈಗ ಮುಖ್ಯ ಪ್ರಶ್ನೆ, ಆಯ. ವಾಸ್ತುವಿನಲ್ಲಿ ಲೆಕ್ಕದ ಪಾಠಾಂತರಗಳು ಹಲವು. ಸರಳವಾದದ್ದು ಉದ್ದ, ಅಗಲ ಗುಣಿಸಿ ಎಂಟರಿಂದ ಭಾಗಿಸುವುದು. ಉಳಿಕೆಯೇ ಆಯ: ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಗರ್ದಭ, ಗಜ, ಕಾಕ. ಬೆಸ ಉಳಿಕೆ ಶುಭ, ಸಮ ಉಳಿಕೆ ಅಶುಭ. ನಾಯಿ ನಾಲ್ಕನೆಯದು, ಅಂದರೆ ಶಾಸ್ತ್ರದಲ್ಲಿ ಅದಕ್ಕೆ ಸ್ಥಾನ ಉಂಟು, ಮಾನ ಇಲ್ಲ. ಮೊಳದ ಲೆಕ್ಕವನ್ನು ಇಂಚಿಗೆ ಇಳಿಸಿದ್ದಕ್ಕೆ ವಿದ್ವಾಂಸರು ಕ್ಷಮಿಸಬೇಕು. ಟೇಪಿನಲ್ಲಿ ಇರುವುದು ಇಂಚೇ. ಮಧ್ಯಮ ಗಾತ್ರದ ನಾಯಿಗೆ 10 ಇಂಚು ಅಗಲ, 14 ಇಂಚು ಎತ್ತರ. ಗುಣಿಸಿದರೆ 140, ಉಳಿಕೆ 4, ಸಾಕ್ಷಾತ್ ಶ್ವಾನಾಯ! ನಾಯಿಯ ಬಾಗಿಲಿಗೆ ನಾಯಿಯ ಆಯ ಬಂದರೆ ಅದು ಅಶುಭವೋ ಸ್ವಕ್ಷೇತ್ರವೋ ಎಂಬ ಚರ್ಚೆ ನಮ್ಮ ಬೀದಿಯಲ್ಲಿ ಇನ್ನೂ ಮುಗಿದಿಲ್ಲ. ಬೆಕ್ಕಿನ 7×9 ಬಾಗಿಲಿಗೆ 63, ಉಳಿಕೆ 7, ಗಜಾಯ. ಮೂರು ಕೆಜಿಯ ಬೆಕ್ಕು ಈ ಗೌರವವನ್ನು ನಿರಾಕರಿಸುವ ಲಕ್ಷಣ ಕಾಣುವುದಿಲ್ಲ.

ಮೇಸ್ತ್ರಿಯ ಮತ ಬೇರೆ. “ಎರಡು ವರಸೆ ಬಿಚ್ಚಿದ್ರೆ ಸಲೀಸು ಸಾರ್, ಹದಿನಾರಕ್ಕೆ ಹದಿನಾರು ಮಾಡ್ಬಿಡೋಣ.” 256, ಉಳಿಕೆ ಸೊನ್ನೆ, ಕಾಕಾಯ. ಒಪ್ಪಲಿಲ್ಲ.

ಆದರೆ ಕೆಲಸದ ಶಾಸ್ತ್ರ ಗೊತ್ತಿರುವುದು ಮೇಸ್ತ್ರಿಗೇ. ಹೊರಗೋಡೆ ಆರಿಂಚಿನ ಸಾಲಿಡ್ ಬ್ಲಾಕ್. ಮೊದಲು ಸ್ವಿಚ್‌ಬೋರ್ಡು ಎಲ್ಲಿದೆ ನೋಡಬೇಕು, ಕನ್ಸೀಲ್ಡ್ ಪೈಪು ಅದರ ಮೇಲೋ ಕೆಳಗೋ ನೇರಕ್ಕೆ ಹೋಗಿರುತ್ತದೆ. ಪಿಲ್ಲರನ್ನು ಮುಟ್ಟಲೇಬಾರದು. ಗೆರೆ ಎಳೆದು ಎರಡೂ ಕಡೆಯಿಂದ ಕಟಿಂಗ್ ಮಷೀನ್ ಬಿಡಬೇಕು. ಸುತ್ತಿಗೆಯಿಂದಲೇ ಹೊಡೆದರೆ ಹೊರಗಡೆಯ ಪ್ಲಾಸ್ಟರ್ ತಟ್ಟೆತಟ್ಟೆಯಾಗಿ ಉದುರುತ್ತದೆ. ಮೇಲೆ ಕಂಬಿ ಹಾಕಿ ಪುಟ್ಟ ಲಿಂಟೆಲ್. ಒಳಗೆ ತಗಡಿನ ಚೌಕಟ್ಟು, ಇಲ್ಲದಿದ್ದರೆ ಗೋಡೆಯ ಗಾರೆಗೆ ನಾಯಿಯ ಒದ್ದೆ ಮೈ ತಾಗಿ ತೇವ ಏರುತ್ತದೆ. ಹೊಸ್ತಿಲು ಹೊರಕ್ಕೆ ಇಳಿಜಾರಾಗಿರಬೇಕು, ಮಳೆನೀರು ಒಳಗೆ ನುಗ್ಗದಂತೆ. ನಾಯಿಯ ಭುಜದ ಅಗಲಕ್ಕೆ ಎರಡಿಂಚು ಕೂಡಿಸಿ ಅಗಲ ತೆಗೆಯುತ್ತಾರೆ. ಮುಧೋಳ ನಾಯಿ ಸಾಕಿದವರು ಈ ಅಧ್ಯಾಯ ಬಿಡಬಹುದು: ಭುಜದ ಎತ್ತರ ಎರಡಡಿಗೂ ಮೇಲಿರುವುದರಿಂದ ಅದಕ್ಕೆ ಕೊರೆದ ಬಾಗಿಲಲ್ಲಿ ಕಳ್ಳನೂ ತಲೆ ತಗ್ಗಿಸಿ ಬರುತ್ತಾನೆ.

ಈ ಬಾಗಿಲಿಗೆ ತೂಗುಹಾಕುವ, ಅಯಸ್ಕಾಂತದ ಪಟ್ಟಿಯಿರುವ ರೆಕ್ಕೆ ತಂತಾನೇ ಮುಚ್ಚಿಕೊಳ್ಳುತ್ತದೆ. ಚರ್ಮದ ಕೆಳಗಿನ ಮೈಕ್ರೋಚಿಪ್‌ನ 15 ಅಂಕಿ ಓದಿ ಸ್ವಂತ ಸಾಕುಪ್ರಾಣಿಗೆ ಮಾತ್ರ ತೆರೆದುಕೊಳ್ಳುವ ಬಾಗಿಲೂ ಇದೆ. ಪಡಿತರ ಚೀಟಿಗೂ ಇಷ್ಟು ಕಟ್ಟುನಿಟ್ಟಿಲ್ಲ. ಬಡವರ ಮನೆಯ ಬಾಗಿಲಿಗೆ ಆ ವಿವೇಕ ಇಲ್ಲ. ಪಕ್ಕದಲ್ಲೇ ತುರಹಳ್ಳಿ ಕಾಡು. ಕೇರೆಹಾವು ಆಯ ನೋಡಿ ಬರುವುದಿಲ್ಲ. ಹಾಗಾಗಿ ಮಲಗುವ ಮುನ್ನ ಒಳಗಿನಿಂದ ಒಂದು ತಟ್ಟೆ ಜಾರಿಸಿ ದ್ವಾರವನ್ನು ಮತ್ತೆ ಗೋಡೆ ಮಾಡುವುದು ರೂಢಿ. ಬೆಳಗಿನ ಐದೂವರೆಗೆ ನಾಯಿಗೆ ಹೊರಗೆ ಹೋಗಬೇಕಾದಾಗ ಎದ್ದು ಆ ತಟ್ಟೆ ತೆಗೆಯತಕ್ಕವರು ಗಂಡನೋ ಹೆಂಡತಿಯೋ ಎಂಬುದು ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಒಳಪಡುವುದಿಲ್ಲ.