ನಕಲಿ ಸುರಕ್ಷತಾ ಇನ್ಸ್‌ಪೆಕ್ಟರನ ಅಸ್ತಿತ್ವ ಮೀಮಾಂಸೆ: ಮುಶಿಗೇರಿ ಕುರಿತ ಒಂದು ಪ್ರಾಥಮಿಕ ಅಧ್ಯಯನ

ಸದರಿ ಪ್ರಬಂಧವು ಕಾರ್ಖಾನೆ ಸುರಕ್ಷತಾ ಇನ್ಸ್‌ಪೆಕ್ಟರನ ಸೋಗು ಹಾಕುವ ಅಪರಾಧವನ್ನು, ಗಜೇಂದ್ರಗಡ ತಾಲ್ಲೂಕಿನ ಮುಶಿಗೇರಿಯ ಪರಿಪ್ರೇಕ್ಷ್ಯದಲ್ಲಿ, ಬಹುಶಿಸ್ತೀಯವಾಗಿ, ಸಂಕಥನಾತ್ಮಕವಾಗಿ ಹಾಗೂ ಚಹಾ ವಿರಾಮ ಸಹಿತವಾಗಿ ಪರಿಶೀಲಿಸುತ್ತದೆ.

ಶಾಸನಾಧಾರ: ಸರ್ಕಾರಿ ನೌಕರನೆಂದು ನಟಿಸಿ ಅಧಿಕಾರ ಚಲಾಯಿಸಿದವನಿಗೆ 1860ರ ದಂಡ ಸಂಹಿತೆಯ 170ನೇ ಕಲಮು ಎರಡು ವರ್ಷದವರೆಗೆ ಸಜೆ ಹೇಳಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮು ಅದನ್ನು ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಮಾಡಿ, ಮೇಲೆ ದಂಡವನ್ನೂ ಹೇರಿತು. ಮೋಸಕ್ಕೆಂದು ದಿರಿಸು ತೊಟ್ಟವನ ದಂಡದ ಮಿತಿ 200 ರೂಪಾಯಿಯಿಂದ 5,000ಕ್ಕೆ ಜಿಗಿಯಿತು. 2025ರ ನವೆಂಬರಿನಲ್ಲಿ ಜಾರಿಯಾದ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪ್ರಕಾರ ಇನ್ಸ್‌ಪೆಕ್ಟರನು ಈಗ 'ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್'. ಅಂದರೆ ಸೋಗುಗಾರನು ಒಂದೇ ಶರಟಿನಲ್ಲಿ ಇಬ್ಬರನ್ನು ನಟಿಸತಕ್ಕದ್ದು. ಸಜೆ ಮಾತ್ರ ಒಬ್ಬನದೇ.

ವರ್ಗೀಕರಣ: ಇನ್ಸ್‌ಪೆಕ್ಟರರು ಚತುರ್ವಿಧ. ಬರುವ ನಕಲಿ, ಬಾರದ ನಕಲಿ, ಬರುವ ಅಸಲಿ, ಬಾರದ ಅಸಲಿ. ಮೊದಲನೆಯವನು ಮುಶಿಗೇರಿಯಲ್ಲಿ ಅಸಂಭವ. ಇಲ್ಲಿ ಇನ್ಸ್‌ಪೆಕ್ಟರ್ ಎಂದರೆ ಪೊಲೀಸ್ ಸಾಹೇಬರು, ಸುರಕ್ಷತೆಯವನು ಬಂದರೆ "ಯಾವ ಕಂಪನಿ ಬೀಜ ಮಾರಾಕ ಬಂದೀರಿ?" ಎಂದು ಕೇಳಿಯಾರು. ಎರಡನೆಯವನು ಮುಂದಿನ ಸಂಶೋಧಕರ ಪಾಲಿಗಿರಲಿ. ಮೂರನೆಯವನು...

ಸಾಕು ಈ ವರ್ಗೀಕರಣ. 1948ರ ಕಾರ್ಖಾನೆಗಳ ಕಾಯ್ದೆಗೆ ಕಾರ್ಖಾನೆ ಕಾಣಬೇಕಾದರೆ ವಿದ್ಯುತ್ ಇದ್ದಲ್ಲಿ ಹತ್ತು ಮಂದಿ, ಇಲ್ಲದಿದ್ದಲ್ಲಿ ಇಪ್ಪತ್ತು ಮಂದಿ ಬೇಕಿತ್ತು. ಹೊಸ ಸುರಕ್ಷತಾ ಸಂಹಿತೆ ಎರಡನ್ನೂ ದುಪ್ಪಟ್ಟು ಮಾಡಿತು. ಹಿಟ್ಟಿನ ಗಿರಣಿ ನಡೆಸುವವ ಒಬ್ಬ, ಮಗ್ಗದ ಮುಂದೆ ಗಂಡ ಹೆಂಡತಿ ಇಬ್ಬರು: ಇವರನ್ನು ನೋಡಲು ಅಸಲಿಗೂ ದಾರಿಯಿಲ್ಲ. ಎರಿಹೊಲದಲ್ಲಿ ಕಡಲೆ ರಾಶಿ ಮಾಡುವ ಮಷೀನ್ ಅಂತೂ ಕಾರ್ಖಾನೆಯೇ ಅಲ್ಲ. ಅದಕ್ಕೆಂದೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಆ ಕಾಯ್ದೆ ಇದೆ ಎಂದು ರಾಶಿ ಕಣದಲ್ಲಿ ಯಾರಿಗೆ ಗೊತ್ತು? ನಿದ್ದೆಗಣ್ಣಲ್ಲಿ ಹೊಟ್ಟು ದಬ್ಬುವ ಹುಡುಗನಿಗೆ? ಬೆಲ್ಟಿನ ಪಕ್ಕ ಸೆರಗು ಬಿಗಿದು ನಿಂತವಳಿಗೆ? ಬೆರಳು ಹೋದಮೇಲೆ ಕೂಲಿಯೂ ಹೋಗುತ್ತದೆ. ಮಾಲೀಕ ಆಸ್ಪತ್ರೆ ಖರ್ಚು ಕೊಟ್ಟರೆ ಅವನು ದೊಡ್ಡ ಮನುಷ್ಯ. ಬಂದ ಸುಳ್ಳುಗಾರನಿಗೆ ಮೂರು ವರ್ಷ. ಬಾರದ ಸಾಹೇಬರಿಗೆ ಯಾವ ಕಲಮು?

ಶಿಫಾರಸು: ಮುಶಿಗೇರಿಗೆ ನಕಲಿ ಇನ್ಸ್‌ಪೆಕ್ಟರನು ಆಗಮಿಸಿದಲ್ಲಿ ಕೂಡಲೇ ಬಂಧಿಸತಕ್ಕದ್ದಲ್ಲ. ಮೊದಲು ಅವನ ದರ್ಪದಿಂದಲೇ ಬೆಲ್ಟಿಗೆ ತಂತಿ ಜಾಳಿಗೆ ಹಾಕಿಸಿಕೊಂಡು, ಚಹಾ ಕುಡಿಸಿ, ತದನಂತರ 204ರ ಮೇರೆಗೆ ಕ್ರಮ ಜರುಗಿಸತಕ್ಕದ್ದು.