ಅರ್ಧ ಮ್ಯಾರಥಾನ್ ಮೀಮಾಂಸೆ, ಅಥವಾ ಗುಲಗಂಜಿ ಸಿದ್ಧಾಂತ

ಅರ್ಧ ಮ್ಯಾರಥಾನ್ ಎಂಬುದು ಕ್ರೀಡೆಯೋ, ಹರಕೆಯೋ, ಕಾಯಿಲೆಯೋ ಎಂಬ ಪ್ರಶ್ನೆ ನಂಜನಗೂಡಿನ ವಿದ್ವತ್ ವಲಯವನ್ನು ಬಹುಕಾಲದಿಂದ ಕಾಡುತ್ತಿದೆ. ವಿದ್ವತ್ ವಲಯವೆಂದರೆ ದೇವಸ್ಥಾನದ ಹತ್ತಿರದ ಒಂದು ಟೀ ಅಂಗಡಿ. ಬೆಳಗಿನ ಜಾವ ಚಡ್ಡಿ ತೊಟ್ಟು ಓಡಿಬಂದವರು ಅಲ್ಲಿ ನಿಂತರೆ ಸಾಕು, ವಾಕ್ಯಾರ್ಥ ಶುರು. ಕ್ರೀಡೆ ಎನ್ನುವವರ ವಾದ ಮೊದಲ ಗುಟುಕಿಗೇ ಬಿದ್ದುಹೋಗುತ್ತದೆ. ಕ್ರೀಡೆಯೆಂದ ಮೇಲೆ ಗೆಲ್ಲುವ ಆಸೆಯಾದರೂ ಇರಬೇಕು. ಹವ್ಯಾಸಿ ಓಟಗಾರನಾದರೋ ದುಡ್ಡು ಕಟ್ಟಿ, ನೂರಾರು ಜನರ ಬೆನ್ನು ನೋಡುತ್ತ ಓಡಿ, ಬಂದವರಿಗೆಲ್ಲ ಹಂಚುವ ಪದಕವನ್ನೇ ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾನೆ. ಕಾಯಿಲೆ ಎಂಬ ಪಕ್ಷಕ್ಕೆ ಓಟಗಾರರ ಮನೆಯವರೆಲ್ಲರ ಬೆಂಬಲವಿದೆ. ಆದರೆ ಬಹುಮತ ಹರಕೆಯ ಕಡೆಗೆ. ಉರುಳುಸೇವೆ, ಹೆಜ್ಜೆ ನಮಸ್ಕಾರ, ಮುಡಿಸೇವೆಗಳನ್ನು ನೋಡಿ ನೋಡಿ ಪಳಗಿದ ಊರು ಇದು. ಬೆವರು ಸುರಿಸುತ್ತ ಕಾಲೆಳೆದುಕೊಂಡು ಬರುವವನನ್ನು ಕಂಡರೆ ಇಲ್ಲಿ ಕೇಳುವುದು ಒಂದೇ ಮಾತು: "ಏನ್ ಹರಕೆ ಹೊತ್ತಿದ್ರಿ ಸಾ?"

ಈ ಪ್ರಬಂಧವು ಆ ಮೂರು ಪಕ್ಷಗಳನ್ನೂ ಬದಿಗೊತ್ತಿ ನಾಲ್ಕನೆಯದನ್ನು ಸ್ಥಾಪಿಸಲು ಹೊರಟಿದೆ. ಓಟ ಏನೇ ಆಗಿರಲಿ, ಅದರ ಪುಣ್ಯ ಓಡುವವನಿಗಿಂತ ದಾರಿಬದಿಯಲ್ಲಿ ಲೋಟ ಹಿಡಿದು ನಿಂತವನಿಗೆ ಒಂದು ಗುಲಗಂಜಿ ತೂಕ ಹೆಚ್ಚು. ಲೇಖಕನು ಎರಡೂ ಕೆಲಸ ಮಾಡಿದವನಾದ್ದರಿಂದ ಪಕ್ಷಪಾತಿಯಲ್ಲ. ಅಥವಾ ಎರಡು ಪಟ್ಟು ಪಕ್ಷಪಾತಿ.

ಗುಲಗಂಜಿಯೇ ಏಕೆ ಎಂದು ಕೇಳುವವರು ತಿ. ನರಸೀಪುರದ ಬಸ್ಸು ಹತ್ತಬೇಕು. ಕಾವೇರಿ, ಕಪಿಲೆಯರು ಕೂಡುವ ಆ ಊರಿನಲ್ಲಿ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದು ನಿಂತಿದ್ದಾನೆ. ಈ ಕ್ಷೇತ್ರದ ಮಹಿಮೆ ಕಾಶಿಗಿಂತ ಒಂದು ಗುಲಗಂಜಿಯಷ್ಟು ಜಾಸ್ತಿ ಎಂದು ಸ್ಥಳಪುರಾಣ. ಹತ್ತು ಪಟ್ಟು ಎನ್ನಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೂ ನರಸೀಪುರದವರು ಗುಲಗಂಜಿಗೇ ನಿಲ್ಲಿಸಿದರು. ಪುಣ್ಯವನ್ನು ಇಷ್ಟು ನಾಜೂಕಾಗಿ ತೂಗಿದ ತಕ್ಕಡಿ ಬೇರೆಲ್ಲೂ ಇದ್ದಂತಿಲ್ಲ. ಹಾಗಾಗಿ ಅದನ್ನೇ ಓಟಕ್ಕೂ ಹಚ್ಚಿದ್ದೇನೆ.

ಮೊದಲ ಪ್ರಯೋಗ ದೂರದ ಮೇಲೆ. ಅರ್ಧ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್. ಇದರಲ್ಲಿ 21 ಕಾಶಿ, ಉಳಿದ 97.5 ಮೀಟರ್ ಗುಲಗಂಜಿ. ಈ ಬಾಲ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ಓಟ ವಿಂಡ್ಸರ್ ಅರಮನೆಯ ಆವರಣದಲ್ಲಿ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದೆದುರು ಮುಗಿಯುವಂತೆ ಹಾದಿ ಅಳೆದರು, 42.195 ಕಿಲೋಮೀಟರ್ ಆಯಿತು. 1921ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟ ಅದನ್ನೇ ಕಾಯಂ ಮಾಡಿತು. ಆ ಅರಮನೆಯವರ ಅನುಕೂಲದ ಅರ್ಧ ಪಾಲನ್ನು ಇವತ್ತಿಗೂ ನಮ್ಮ ಮೀನಖಂಡಗಳು ತೀರಿಸುತ್ತಿವೆ. ಅಳೆಯುವ ಕೆಲಸ ನಮ್ಮವರ ಕೈಗೆ ಬಂದಿದ್ದರೆ ಮೈಸೂರಿನಿಂದ ಶ್ರೀಕಂಠೇಶ್ವರನ ಬಾಗಿಲಿಗೆ ಅಳೆಯುತ್ತಿದ್ದರು, ಸುಮಾರು 23 ಕಿಲೋಮೀಟರ್ ಆಗುತ್ತಿತ್ತು. ಈಗಿನ ಲೆಕ್ಕದಲ್ಲಿ ಮೈಸೂರು ಬಿಟ್ಟವನು ದರ್ಶನಕ್ಕೆ ಮೊದಲೇ, ಹೆದ್ದಾರಿಯ ಪಕ್ಕದಲ್ಲಿ ಕೈಕಾಲು ಬಿಟ್ಟು ಕೂರಬೇಕು. ದೇವರು ಕೈಗೆಟುಕುವ ಹೊತ್ತಿಗೆ ಪದಕ ಕೊಟ್ಟು ವಾಪಸ್ ಕಳಿಸುವುದು ಯಾವ ಶಾಸ್ತ್ರ?

97.5 ಮೀಟರ್ ಎಂದರೆ ನಗುವವರಿದ್ದಾರೆ. ಇಪ್ಪತ್ತೊಂದನೆಯ ಕಲ್ಲು ದಾಟಿದ ಮೇಲೆ ಯಾರೂ ನಕ್ಕ ದಾಖಲೆಯಿಲ್ಲ. ಕೈಗಡಿಯಾರ "ಮುಗಿಯಿತು" ಎನ್ನುತ್ತದೆ, ಕಮಾನು ಮಾತ್ರ ಇನ್ನೂ ಆಚೆಯೇ ನಿಂತಿರುತ್ತದೆ. ಇಲ್ಲಿ ಪ್ರಮಾಣಗಳ ನಡುವೆ ಘರ್ಷಣೆ ಏಳುತ್ತದೆ. ಉಪಗ್ರಹ ಹೇಳಿದ್ದು ಒಂದು, ಕಣ್ಣಿಗೆ ಕಾಣುವುದು ಇನ್ನೊಂದು. ಮೂರನೆಯದು ಶಬ್ದಪ್ರಮಾಣ, ಅಂದರೆ ವಾಲಂಟಿಯರ್ ಬಾಯಿಂದ ಹೊರಡುವ "ಇನ್ನೊಂದೇ ಕಿಲೋಮೀಟರ್ ಸಾರ್!" ಎಂಬ ವಾಕ್ಯ. ಇದು ಹದಿನಾರನೆಯ ಕಿಲೋಮೀಟರಿನಿಂದಲೇ ಕೇಳಿಸಲು ಶುರುವಾಗುತ್ತದೆ. ಸುಳ್ಳೆಂದು ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಆದರೂ ಕಾಲು ಎರಡು ಹೆಜ್ಜೆ ಜೋರಾಗಿ ಬೀಳುತ್ತದೆ. ಸುಳ್ಳು ಹೇಳಿಯೂ ಪುಣ್ಯ ಬರುವ ಉದ್ಯೋಗ ಇದೊಂದೇ ಇರಬೇಕು. ಮದುವೆ ದಲ್ಲಾಳಿಗಳಿಗೆ ಕ್ಷಮೆ ಕೋರುತ್ತೇನೆ.

ಈಗ ವಾಲಂಟಿಯರ್ ಲಕ್ಷಣ. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವುದು ಈ ನಾಡಿನ ಹಳೆಯ ಧರ್ಮ. ಓಟದ ದಿನದ ನೀರಿನ ಟೇಬಲ್ಲು ಅದೇ ಅರವಟ್ಟಿಗೆ, ಬ್ಯಾನರ್ ಮಾತ್ರ ಹೊಸದು. ಕೆಲಸ ಸುಲಭವೆಂದು ತಿಳಿದು ಬರುವವರು ಮೊದಲ ಹತ್ತು ನಿಮಿಷದಲ್ಲೇ ಮೈಯೆಲ್ಲ ನೆನೆಯುತ್ತಾರೆ. ಕಾಗದದ ಲೋಟಕ್ಕೆ ಅರ್ಧವೇ ನೀರು ತುಂಬಬೇಕು. ಲೋಟದ ನಡುವನ್ನು ಬಿಗಿಯಾಗಿ ಹಿಡಿದರೆ ಕಿತ್ತುಕೊಳ್ಳುವವನ ಕೈಗೆ ಬರೀ ಕಾಗದ, ನೀರು ನಿಮ್ಮ ಅಂಗಿಗೆ. ಅಂಗೈ ಚಾಚಿ ಅದರ ಮೇಲೆ ಲೋಟ ಕೂರಿಸಿ, ಓಟಗಾರನ ಕಣ್ಣು ನೋಡಿ, ಅವನು ಓಡುವ ದಿಕ್ಕಿಗೇ ಕೈಯನ್ನು ತುಸು ಜರುಗಿಸಬೇಕು. ಮುಂದಿನ ಸಾಲಿನವರು ನೀರು, ಹಿಂದಿನವರು ಓಆರ್‌ಎಸ್, ಕೊನೆಯವರು ಬಾಳೆಹಣ್ಣು ಮತ್ತು ಉಪ್ಪು ಸವರಿದ ಕಿತ್ತಳೆ ತೊಳೆ. ಸಂಘಟಕರು ಮಾತು ಕೊಟ್ಟ ಎಳನೀರು ಮಾತ್ರ ನರಸೀಪುರದ ತ್ರಿವೇಣಿಯಲ್ಲಿ ಮೂರನೆಯದಾದ ಸ್ಫಟಿಕ ಸರೋವರದ ಹಾಗೆ: ಇದೆ ಎಂದು ನಂಬಬೇಕು. ಬಾಳೆಹಣ್ಣಿನಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಂಜನಗೂಡು ರಸಬಾಳೆಯನ್ನು ಯಾರೂ ಇಡುವುದಿಲ್ಲ. ಅದು ಸರಿಯೂ ಹೌದು. ಸೊರಗುರೋಗಕ್ಕೆ ತುತ್ತಾಗಿ ಅಳಿಯುತ್ತಿರುವ ಹಣ್ಣನ್ನು, ರುಚಿ ನೋಡುವ ವ್ಯವಧಾನವಿಲ್ಲದವನ ಬಾಯಿಗೆ ತುರುಕುವುದು ಅಪಚಾರ.

ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನಿನಲ್ಲಿ ಓಟ ರಂಗನತಿಟ್ಟಿನ ಆಸುಪಾಸಿನ ನಾಲೆ ಏರಿಯ ಮೇಲೆ. ಹೋದ ದಾರಿಯಲ್ಲೇ ವಾಪಸ್ಸು. ಇಂಥ ಹಾದಿಯಲ್ಲಿ ಅರವಟ್ಟಿಗೆಯವನಿಗೆ ಒಬ್ಬನೇ ಮನುಷ್ಯನನ್ನು ಎರಡು ಅವಸ್ಥೆಗಳಲ್ಲಿ ಅಧ್ಯಯನ ಮಾಡುವ ಯೋಗ ಸಿಗುತ್ತದೆ. ಹೋಗುವಾಗ "ಬೇಡ ಬ್ರದರ್, ಥ್ಯಾಂಕ್ಯೂ" ಎಂದು ನಗುವವನು ಬರುವಾಗ "ಅಣ್ಣಾ, ತಲೆಗೆ ಹುಯ್ಯಣ್ಣಾ" ಎನ್ನುತ್ತಾನೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಬ್ರದರ್‌ನಿಂದ ಅಣ್ಣನಿಗೆ ಆಗುವ ಈ ಪರಿವರ್ತನೆ ಬಿಸಿಲೇರಿದ ಮೇಲೆ ಶುರುವಾಗುತ್ತದೆ. ಭಾಷಾ ಪ್ರಾಧಿಕಾರದವರು ಗಮನಿಸಬೇಕು. ಬೆನ್ನಿಗೆ ಸಮಯದ ಬಾವುಟ ಕಟ್ಟಿಕೊಂಡ ಪೇಸರ್ ಮತ್ತು ಅವನ ಹಿಂದಿನ ಗುಂಪಿಗೆ ಓಟಗಾರರು 'ಬಸ್' ಎನ್ನುತ್ತಾರೆ. ಎರಡೂವರೆ ಗಂಟೆಯ ಬಸ್ಸು ಹೊರಟಾಗ ತುಂಬಿರುತ್ತದೆ, ಕೊನೆಗೆ ಡ್ರೈವರ್ ಒಬ್ಬನೇ ಬರುತ್ತಾನೆ. ಹಸು ಹೊಡೆದುಕೊಂಡು ಏರಿ ಮೇಲೆ ಬಂದ ಅಜ್ಜಿ ಇದನ್ನೆಲ್ಲ ನಿಂತು ನೋಡಿ ಕೇಳಿದ ಪ್ರಶ್ನೆಗೆ ಕ್ರೀಡಾಶಾಸ್ತ್ರದಲ್ಲಿ ಇನ್ನೂ ಉತ್ತರವಿಲ್ಲ: "ಅದ್ಯಾರಪ್ಪ ಇವ್ರುನ್ನ ಅಟ್ಟುಸ್ಕಂಡ್ ಬತ್ತಾ ಇರೋರು?"

ಇತಿಹಾಸದ ಸಾಕ್ಷ್ಯ ನಮ್ಮ ಪಕ್ಷದಲ್ಲೇ ಇದೆ. 1896ರಲ್ಲಿ ಅಥೆನ್ಸಿನ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ವೃತ್ತಿಯಿಂದ ನೀರು ಹೊರುವವನು. ನೀರು ಕೊಡುವವನು ಮನಸ್ಸು ಮಾಡಿದರೆ ಓಡುವವರನ್ನೂ ಸೋಲಿಸುತ್ತಾನೆ, ಸುಮ್ಮನೆ ದಾಕ್ಷಿಣ್ಯಕ್ಕೆ ನಿಂತಿರುತ್ತಾನೆ ಅಷ್ಟೇ. ನೀರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 1904ರ ಸೇಂಟ್ ಲೂಯಿಸ್ ಓಟ ನೋಡಬಹುದು. ಧೂಳಿನ ರಸ್ತೆ, ಸುಡುಬಿಸಿಲು, ನೀರು ಸಿಗುತ್ತಿದ್ದದ್ದು ಒಂದೆರಡು ಕಡೆ ಮಾತ್ರ. 32 ಮಂದಿ ಹೊರಟು 14 ಮಂದಿ ಮುಟ್ಟಿದರು. ಫ್ರೆಡ್ ಲಾರ್ಜ್ ಎಂಬಾತ ನಡುವೆ ಕಾರು ಹತ್ತಿ ಮೊದಲು ಬಂದು ಸಿಕ್ಕಿಬಿದ್ದ. ಗೆದ್ದ ಥಾಮಸ್ ಹಿಕ್ಸ್‌ಗೆ ಸಹಾಯಕರು ದಾರಿಯಲ್ಲಿ ಕೊಟ್ಟದ್ದು ಮೊಟ್ಟೆಯ ಬಿಳಿ, ಬ್ರಾಂಡಿ ಮತ್ತು ಸ್ಟ್ರಿಕ್ನಿನ್, ಅಂದರೆ ನಮ್ಮ ಕಾಸರಕದ ಬೀಜದಲ್ಲಿರುವ ವಿಷ. ನಂಜುಂಡು ಗೆದ್ದವನು! ಈ ಊರಿನವರಾದ ನಾವು ಅವನನ್ನು ಇಷ್ಟು ದಿನ ಹೇಗೆ ಮರೆತೆವೋ ತಿಳಿಯದು. ಇವತ್ತು ಪ್ಯಾಕೆಟ್ಟಿನಲ್ಲಿ ಬರುವ ಎನರ್ಜಿ ಜೆಲ್ ನುಂಗುವಾಗ ಅದು ಗಂಟಲಲ್ಲೇ ನಿಲ್ಲುವುದನ್ನು ಬಲ್ಲವರು ಸಂಪ್ರದಾಯ ಮುಂದುವರಿದಿದೆ ಎಂದು ಒಪ್ಪುತ್ತಾರೆ.

ಅತಿಸೇವೆಯೂ ಕೂಡದು. 1908ರಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಕ್ರೀಡಾಂಗಣದೊಳಗೆ ಮೊದಲು ಬಂದು ಮತ್ತೆ ಮತ್ತೆ ಕುಸಿದ. ಅಧಿಕಾರಿಗಳು ಕನಿಕರದಿಂದ ಎತ್ತಿ ಗೆರೆ ದಾಟಿಸಿದರು. ಅದೇ ಕಾರಣಕ್ಕೆ ಅವನ ಚಿನ್ನ ಹೋಯಿತು. ಮರುದಿನ ರಾಣಿ ಅಲೆಕ್ಸಾಂಡ್ರಾ ಒಂದು ಬಟ್ಟಲು ಕೊಟ್ಟು ಸಮಾಧಾನ ಮಾಡಿದಳು. ವಾಲಂಟಿಯರ್ ಲೋಟ ಹಿಡಿಯಬಹುದು, ರಟ್ಟೆ ಹಿಡಿಯಬಾರದು ಎಂಬ ಸೂತ್ರ ಇಲ್ಲಿಂದ ಸಿದ್ಧವಾಗುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಇದಕ್ಕೆ ಬೇರೆಯೇ ಪಾಠವಿದೆ. ಪಂಚರಥಗಳ ಹಗ್ಗ ಎಳೆಯಲು ಸಾವಿರಾರು ಕೈ. ಗಾಲಿಗೆ ಮರದ ದಿಮ್ಮಿ ಒತ್ತುಕೊಟ್ಟು ತೇರನ್ನು ತಿರುವಿನಲ್ಲಿ ತಿರುಗಿಸುವವರು ಕೆಲವೇ ಮಂದಿ. ಎಳೆದವರೆಲ್ಲ ಮನೆಗೆ ಹೋಗಿ "ನಾನು ತೇರು ಎಳೆದೆ" ಎನ್ನುತ್ತಾರೆ. ದಿಮ್ಮಿ ಕೊಟ್ಟವನು ಕೈಯಲ್ಲಿ ಸೇರಿದ ಸಿಬಿರು ಕೀಳುತ್ತ ಕೂತಿರುತ್ತಾನೆ.

ನರಸೀಪುರ ತಾಲ್ಲೂಕಿನ ಓಟಗಾರ ಮಿತ್ರರೊಬ್ಬರು ಇಲ್ಲೊಂದು ಆಕ್ಷೇಪ ಎತ್ತಿದ್ದಾರೆ. ತಲಕಾಡಿನ ಮರಳಿನಲ್ಲಿ ಅಭ್ಯಾಸ ಮಾಡುವ ಶೂರರು ಅವರು. ಅಲಮೇಲಮ್ಮನ ಶಾಪ ತಲಕಾಡು, ಮಾಲಂಗಿ, ಮೈಸೂರು ದೊರೆಗಳಿಗೆ ಮಾತ್ರ ತಟ್ಟಿತೆಂಬುದು ಜನಪ್ರಿಯ ಪಾಠ; ಬೂಟಿನೊಳಗೆ ಮರಳು ಹೊಕ್ಕವರು ಓಟಗಾರರ ಹೆಸರೂ ಅದರಲ್ಲಿತ್ತೆಂದು ಶಂಕಿಸುತ್ತಾರೆ. ಅವರ ಆಕ್ಷೇಪ ಇದು: "ಓಡೋನಿಗೆ ಕಾಲು ನೋಯ್ತದೆ, ಉಗುರು ಕಪ್ಪಾಗ್ತದೆ. ಲೋಟ ಹಿಡಿದೋನಿಗೆ ಏನಾಯ್ತದೆ ಸಾ?"

ಸಮಾಧಾನ ಹೀಗಿದೆ. ಓಡುವವನು ಆರಕ್ಕೆ ಹೊರಟು ಎಂಟೂವರೆಗೋ ಒಂಬತ್ತಕ್ಕೋ ಮುಗಿಸಿ, ಖಾರಾಬಾತ್ ತಿಂದು, ನೆರಳಿಗೆ ಹೋಗುತ್ತಾನೆ. ಲೋಟ ಹಿಡಿದವನು ನಾಲ್ಕೂವರೆಗೆ ಕ್ಯಾನು ಇಳಿಸಲು ಬಂದು, ಕೊನೆಯ ಓಟಗಾರ ಆಂಬುಲೆನ್ಸಿನ ಮುಂದೆ ಮುಂದೆ ನಡೆದು ದಾಟುವ ತನಕ ನಿಂತಿರುತ್ತಾನೆ. ಆಮೇಲೆ ರಸ್ತೆ ತುಂಬ ಬಿದ್ದ ಲೋಟ, ಬಾಳೆಸಿಪ್ಪೆ ಆರಿಸಿ ಚೀಲಕ್ಕೆ ತುಂಬುತ್ತಾನೆ. ಅವನು ಊಟದ ಕೌಂಟರಿಗೆ ಬರುವ ಹೊತ್ತಿಗೆ ಖಾರಾಬಾತ್ ಮುಗಿದು ಕೇಸರಿಬಾತ್ ತಳ ಮಾತ್ರ ಇರುತ್ತದೆ. ಟೀ ಶರ್ಟಿನಲ್ಲಿ ಉಳಿದಿರುವುದು ದೊಡ್ಡ ಅಳತೆಯದು. ಪದಕ ಇಲ್ಲವೇ ಇಲ್ಲ. ಕಾಲುನೋವು ಇಬ್ಬರಿಗೂ ಸಮ. ಮೇಲಿನ ಗುಲಗಂಜಿ ಯಾರ ತಟ್ಟೆಗೆ ಬೀಳಬೇಕೆಂದು ಇನ್ನು ವಾದಿಸಬೇಕಾಗಿಲ್ಲ. ಮಿತ್ರರೂ ಒಪ್ಪಿದ್ದಾರೆ. ಒಪ್ಪಿದ ಮೇಲೂ ಮುಂದಿನ ಸಲ ಓಡುವುದಕ್ಕೇ ಹೆಸರು ಬರೆಸಿದ್ದಾರೆ ಎಂಬುದು ಬೇರೆ ಮಾತು. ಸಿದ್ಧಾಂತಕ್ಕೂ ಆಚಾರಕ್ಕೂ ಯಾವ ಕಾಲದಲ್ಲಿ ಹೊಂದಿಕೆಯಿತ್ತು?

ಇನ್ನು ಫಲಶ್ರುತಿ. ಇದನ್ನು ಓದಿದವರಿಗೆ ಮೊಣಕಾಲು ನೋವು ಹೋಗುವುದಿಲ್ಲ, ವೇಗವೂ ಹೆಚ್ಚುವುದಿಲ್ಲ. ಓಡುವವರ ಪಟ್ಟಿ ಬೇಗ ಭರ್ತಿಯಾಗುತ್ತದೆ, ನೀರಿನ ಟೇಬಲ್ಲಿಗೆ ಜನ ಸಾಲುವುದಿಲ್ಲ. ನಿಮ್ಮ ಊರಿನ ಹತ್ತಿರ ಓಟ ನಡೆಯುವಾಗ ಒಂದು ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಬನ್ನಿ. ಟೋಪಿ ಮನೆಯಿಂದಲೇ ತನ್ನಿ, ತಿಂಡಿಯನ್ನೂ.